ಸದ್ದಡಗಿದ ಪೆಟ್ಟಿಗೆ

"ಚಾಲೂ ಮಾಡು," ಅಂದೆ.

ಸಿದ್ದರಾಮ ಕಂಪ್ಯೂಟರಿನ ಗುಂಡಿ ಒತ್ತಿದ. ಚಿಕ್ಕ ಹಸಿರು ದೀಪ ಹತ್ತಿತು. ಅವನು ತಲೆ ಓರೆ ಮಾಡಿ ಏನನ್ನೋ ಕಾಯುತ್ತ ನಿಂತ. ಕಾದದ್ದು ಬರಲಿಲ್ಲ. ಮತ್ತೆ ಒತ್ತಿದ, ದೀಪ ಆರಿತು. ಇನ್ನೊಮ್ಮೆ ಒತ್ತಿದ, ಹತ್ತಿತು.

"ಚಾಲೂ ಆಗವಲ್ದ್ರೀ ಮೇಡಂ. ಒಳಗ ಏನೋ ಸುಟ್ಟಿರಬೇಕು."

"ಏನೂ ಸುಟ್ಟಿಲ್ಲ. ಕೈ ತಗಿ. ಪರದೆ ನೋಡು."

ಪರದೆ ಬೆಳಗಿತು. ಅವನ ಮಗಳ ಹುಟ್ಟುಹಬ್ಬದ ಫೋಟೋ ಮೂಡಿತು. ಸಿದ್ದರಾಮ ಬಗ್ಗಿ ಪೆಟ್ಟಿಗೆಯ ಹತ್ತಿರ ಕಿವಿ ಒಯ್ದ. ಆಗ ಅವನ ಮುಖದ ಬಣ್ಣ ಹೋಯಿತು. ಲಿಂಗಸುಗೂರಿನ ಕೋರ್ಟಿಗೆ ಹೋಗಬೇಕಾದವಳು ನಾನು ಮಸ್ಕಿಗೆ ಬಂದದ್ದೇ ಆ ಮುಖ ನೋಡಲು.

"ಸದ್ದಽ ಇಲ್ಲಲ್ರೀ ಇದಕ್ಕ," ಅಂದ ಮೆಲ್ಲಗೆ.

"ಇಲ್ಲ," ಅಂದೆ.

ಇದೇ ಕೋಣೆಯಲ್ಲಿ, ಹೋದ ಅಮಾವಾಸ್ಯೆಯ ಸಂಜೆ, ಪದ ಹಾಡುವ ಗ್ಯಾನಮ್ಮ ಸತ್ತು ಬಿದ್ದಿದ್ದಳು. ಮೈಕಿನ ಸ್ಟ್ಯಾಂಡಿನ ಕಬ್ಬಿಣದ ಬುಡದಿಂದ ಯಾರೋ ಅವಳ ತಲೆಗೆ ಹೊಡೆದಿದ್ದರು. ಆ ಸಂಜೆ ಅವಳ ಜೊತೆ ಇದ್ದವನು ಸೊಹೇಲ್ ಎಂದರು, ಸಿಂಧನೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವವನು. ಅವನನ್ನು ಹಿಡಿದು ತಂದರು. ಹಿಡಿಯಲು ಕಾರಣವಾದದ್ದು ಈ ಸ್ಟುಡಿಯೋದ ಮಾಲೀಕ ಸಿದ್ದರಾಮ ತಂದುಕೊಟ್ಟ ಒಂದು ಪೆನ್ ಡ್ರೈವ್.

ಅದರಲ್ಲಿ ಗ್ಯಾನಮ್ಮನ ದನಿಯಿತ್ತು. "ಬಿಡಲೇ! ನನ್ನ ಬಿಡಲೇ ಭಾಡ್ಯಾ! ಸಾಯಿಸ್ತಿಯೇನು ನನ್ನ?" ಆಮೇಲೆ ಧಡ್ ಅಂತ ಒಂದು ಸದ್ದು. ಅಷ್ಟೇ.

ಅಷ್ಟು ಸಾಕಾಯಿತು. ಅದು ಯಾರ ಕೈಯಿಂದ ಹೊರಬಿತ್ತೋ, ಮರುದಿನ ಮುಂಜಾನೆಗೆ ಮಸ್ಕಿಯಿಂದ ಜವಳಗೇರಾದವರೆಗೆ ಎಲ್ಲರ ಮೊಬೈಲಿನಲ್ಲೂ ಗ್ಯಾನಮ್ಮ ಕಿರುಚುತ್ತಿದ್ದಳು. ಚಹಾದಂಗಡಿಯಲ್ಲಿ ಹಾಕಿ ಕೇಳಿದರು. ಬಸ್ಸಿನಲ್ಲಿ ಹಾಕಿ ಕೇಳಿದರು. ಕೇಳಿ, ಹಲ್ಲು ಕಡಿದು, ಸಿಂಧನೂರಿಗೆ ಹೋಗಿ ಸೊಹೇಲನ ತಾಯಿ ದಾವಲ್‌ಬೀಯ ಮನೆಯ ತಗಡಿನ ಮೇಲೆ ಕಲ್ಲು ಎಸೆದರು. ಆಕೆ ಒಬ್ಬಳೇ ಇರುವ ಮುದುಕಿ. ಕಲ್ಲೆಸೆದವರಲ್ಲಿ ಒಬ್ಬನಾದರೂ ಗ್ಯಾನಮ್ಮ ಬದುಕಿದ್ದಾಗ ಕೂತು ಒಂದು ಪದ ಕೇಳಿದ್ದನೇ ಅನ್ನುವುದು ನನ್ನ ಪ್ರಶ್ನೆ. ಕೇಳಿರಲಿಕ್ಕಿಲ್ಲ.

ನಿನ್ನೆ ಸೊಹೇಲ್ ನನ್ನ ಮುಂದೆ ಕೈ ಮುಗಿದ. "ಮೇಡಂ, ನಾ ಮಾಡಿಲ್ಲ. ಆದ್ರ ಜಡ್ಜ್ ಸಾಹೇಬ್ರ ಮುಂದ ಮಾಡೀನಂತ ಒಪ್ಕೋತೀನ್ರೀ. ಒಪ್ಕೊಂಡ್ರ ನಮ್ಮ ಅಮ್ಮಿಗೆ ಬಿಡ್ತಾರ. ಕಲ್ಲು ಹೊಡೆಯೋದು ನಿಲ್ಲಸ್ತಾರ."

ನಮ್ಮ ಮೇಲಧಿಕಾರಿಗಳಿಗೆ ಇದಕ್ಕಿಂತ ಸಿಹಿ ಸುದ್ದಿ ಬೇಕೇ? ಇವತ್ತಿಗೇ ದಿನ ಗೊತ್ತುಮಾಡಿದರು. ಅವನನ್ನು ಕರೆದುಕೊಂಡು ನಮ್ಮ ಹೆಡ್ ಕಾನ್‌ಸ್ಟೆಬಲ್ ಚಾಂದ್‌ಪಾಷಾ ಲಿಂಗಸುಗೂರಿನ ಕೋರ್ಟಿನ ಕಟ್ಟೆಯ ಮೇಲೆ ಕಾಯುತ್ತಿದ್ದ. ನ್ಯಾಯಾಧೀಶರ ಕೋಣೆಯೊಳಗೆ ಹೋದಮೇಲೆ ಪೊಲೀಸರಾದ ನಮಗೆ ಅಲ್ಲಿ ಪ್ರವೇಶವಿಲ್ಲ. ಒಳಗೆ ಒಪ್ಪಿಕೊಂಡ ಮಾತು ಹೊರಗೆ ಬಂದು ಬದಲಾಗುವುದೂ ಅಷ್ಟು ಸುಲಭವಲ್ಲ. ಅದಕ್ಕೇ ಚಾಂದ್‌ಪಾಷಾನಿಗೆ ಹೇಳಿದ್ದೆ: "ನನ್ನ ಪೋನ್ ಬರೋತನ ಅವನ್ನ ಒಳಗ ಬಿಡಬ್ಯಾಡ. ಹೊಟ್ಟಿ ನೋವಂತ ಹೇಳು, ತಲಿ ತಿರುಗಿ ಬಿದ್ದಾನಂತ ಹೇಳು. ಏನರ ಹೇಳು."

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಠಾಣೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಬೇಗ ಬರುವುದಿಲ್ಲ. ಬಂದದ್ದು ಹೋಗುವುದಿಲ್ಲ, ಅಷ್ಟೇ. ಪಿ.ಎಸ್.ಐ. ಗಂಗಾದೇವಿಯೆಂಬ ನನ್ನ ಸಿಟ್ಟು ಪಕ್ಕದ ರೈಸ್ ಮಿಲ್ಲಿನ ಮುನೀಮನಿಗೂ ಗೊತ್ತು. ಒಂದು ತಾಸು ಮಿಲ್ಲು ಬಂದ್ ಮಾಡು ಅಂದಾಗ ಅವನು ತಕರಾರು ತೆಗೆದ. ನಾನು ಅವನನ್ನೇ ನೋಡುತ್ತ ನಿಂತೆ. ಬಂದ್ ಮಾಡಿದ.

ಈ ಸ್ಟುಡಿಯೋದ ಹಣೆಬರಹವೇ ಆ ಮಿಲ್ಲು. ಸಿಂಧನೂರು ರಸ್ತೆಯಲ್ಲಿ, ಮಿಲ್ಲಿನ ಗೋಡೆಗೆ ಅಂಟಿಕೊಂಡ ಒಂದೇ ಕೋಣೆ. ಒಳಗೆ ನಾಲ್ಕೂ ಗೋಡೆಗೆ ಹೊದೆಯುವ ಹಳೆಯ ಕೌದಿಗಳನ್ನು ತೂಗುಹಾಕಿದ್ದಾರೆ, ಬಾಗಿಲಿಗೂ ದಪ್ಪ ಕೌದಿ ಹೊಡೆದಿದ್ದಾರೆ. ಆದರೂ ಮಿಲ್ಲಿನ ಗುಡುಗು ಒಳಗೆ ಬರುತ್ತದೆ. ಹೀಗಾಗಿ ಇಲ್ಲಿ ಹಾಡು ರೆಕಾರ್ಡ್ ಆಗುವುದು ಅಮಾವಾಸ್ಯೆಗೆ ಮಾತ್ರ. ಅವತ್ತು ಮಿಲ್ಲಿನವರು ಯಂತ್ರಗಳನ್ನು ತೊಳೆದು, ವಿಭೂತಿ ಹಚ್ಚಿ, ಕಾಯಿ ಒಡೆದು, ಮರುದಿನದವರೆಗೆ ಮುಟ್ಟುವುದಿಲ್ಲ.

ಮಿಲ್ಲು ಸುಮ್ಮನಾದ ದಿನ ಕಂಪ್ಯೂಟರ್ ಕೂಗುತ್ತಿತ್ತು. ಸೊಹೇಲ್ ಲಾಕಪ್ಪಿನಲ್ಲಿ ಕೂತು ಮೊದಲ ದಿನದಿಂದ ಹೇಳಿದ್ದು ಇದೊಂದೇ. ಪೆಟ್ಟಿಗೆ ಗುಂಯ್ ಅನ್ನುತ್ತಿತ್ತು, ಗ್ಯಾನಮ್ಮನ ಹಾಡಿಗಿಂತ ಜೋರಾಗಿ ಅನ್ನುತ್ತಿತ್ತು. "ಇದನ್ನ ಸುಮ್ಮನ ಕೂಡಸಲೇ ಸೊಹೇಲಾ, ಇಲ್ಲಂದ್ರ ನಾ ಸುಮ್ಮನ ಕೂಡ್ತೀನಿ" ಎಂದು ಆಕೆ ಬೈದಿದ್ದಳಂತೆ. ಅಮಾವಾಸ್ಯೆಯ ಹಿಂದಿನ ದಿನ, ಸಿದ್ದರಾಮ ಇಲ್ಲದ ಹೊತ್ತಿನಲ್ಲಿ ಬಂದು ಅದನ್ನು ಸುಮ್ಮನಾಗಿಸಿದೆ ಎಂದು ಅವನು ಹೇಳಿದರೆ ನಮ್ಮವರು ನಕ್ಕರು. ಕೊಲೆಯ ಮಾತು ಕೇಳಿದರೆ ಫ್ಯಾನಿನ ಮಾತು ಆಡುತ್ತಾನೆ ಅಂದರು.

ನಾನು ಆ ಕ್ಲಿಪ್ಪನ್ನು ಹಾಕಿ ಹಾಕಿ ಕೇಳಿದೆ. ಗ್ಯಾನಮ್ಮನ ಕಿರುಚಾಟದ ಹಿಂದೆ, ಮೊದಲಿಂದ ಕೊನೆಯತನಕ, ಗುಂಯ್ ಅನ್ನುತ್ತಲೇ ಇತ್ತು.

ಈಗ ಈ ಪೆಟ್ಟಿಗೆ ನನ್ನ ಮುಂದೆ ಉಸಿರೂ ಬಿಡುತ್ತಿರಲಿಲ್ಲ.

"ಕುಂದ್ರು," ಅಂದೆ ಸಿದ್ದರಾಮನಿಗೆ. ಕೂತ. ನನ್ನ ಬಳಿಯಿದ್ದ ಲ್ಯಾಪ್‌ಟಾಪಿನಲ್ಲಿ ಕ್ಲಿಪ್ಪು ಹಾಕಿದೆ. ಆ ಸಣ್ಣ ಕೋಣೆಯಲ್ಲಿ ಸತ್ತವಳು ಮತ್ತೊಮ್ಮೆ ಕಿರುಚಿದಳು. "ಹಿಂದ ಏನು ಕೇಳಸಾಕತ್ತೈತಿ?"

"ಏನೂ ಇಲ್ಲಲ್ರೀ."

"ಸರೀ ಕೇಳು."

ಎರಡನೆಯ ಸಲ ಕೇಳಿದ ಮೇಲೆ ಅವನಿಗೆ ಕೇಳಿಸಿತು. ಅದು ಅವನ ತಪ್ಪಲ್ಲ. ವರ್ಷಗಟ್ಟಲೆ ಆ ಪೆಟ್ಟಿಗೆಯ ಪಕ್ಕದಲ್ಲೇ ಕೂತವನ ಕಿವಿಗೆ ಅದು ಸದ್ದೇ ಅಲ್ಲ.

"ಪ್ಯಾನಿನ ಸದ್ದು," ಅಂದ. "ಇದ್ರೀ ಮತ್ತ, ಇರತೈತಲ್ರೀ. ಅವತ್ತು ಸಂಜಿಕಿ ರಿಪೇರಿ ಮಾಡಾಕಂತಽ ಆಂವ ಬಂದಿದ್ದ. ಜಗಳ ಆಗಿ, ಕೊಂದು, ಆಮ್ಯಾಲ ರಿಪೇರಿ ಮಾಡಿರಬೇಕು."

"ಹೆಣ ಮುಂದ ಇಟ್ಕೊಂಡು ಕುಂತು ಪ್ಯಾನ್ ಬದಲಿ ಮಾಡಿದ್ನ?"

"ನನಗೇನ್ ಗೊತ್ರೀ? ಅಂಥಾ ಮಂದಿ…"

"ಎಂಥಾ ಮಂದಿ?" ನನ್ನ ದನಿ ಏರಿತು. "ಪೂರಾ ಹೇಳು. ಎಂಥಾ ಮಂದಿ?"

ಅವನು ಪೂರಾ ಹೇಳಿದ್ದರೆ ಆ ಕೌದಿಗಳಲ್ಲಿ ಒಂದನ್ನು ಕಿತ್ತು ಅವನಿಗೇ ಸುತ್ತುತ್ತಿದ್ದೆ. ಎದ್ದು ಪೆಟ್ಟಿಗೆಯನ್ನು ಅವನ ಕಡೆ ತಿರುಗಿಸಿದೆ.

ಕಪ್ಪು ಪೆಟ್ಟಿಗೆ. ಅದರ ಮಗ್ಗುಲಿನಿಂದ ಹಿಂಬದಿಯವರೆಗೆ ಮೂರು ಬೆರಳಿನ ವಿಭೂತಿ ಎಳೆದಿದ್ದರು, ನಡುವೆ ಕುಂಕುಮ. ಮುಚ್ಚಳ ಕೂಡುವ ಸೀಳಿನ ಮೇಲೆ, ತಿರುಪು ಮೊಳೆಗಳ ತಲೆಯ ಮೇಲೆ, ಪಟ್ಟೆಗಳು ಎಲ್ಲೂ ಬಿರಿಯದೆ ಒಣಗಿ ಕೂತಿದ್ದವು.

"ಈ ಪೂಜಿ ಮಾಡಿದವ್ರು ಯಾರು?"

"ನಾನಽ ರೀ. ಅಮಾಸಿ ಮುಂಜಾನಿ. ಮಿಲ್ಲಿನ ಪೂಜಿ ಆತು, ಸ್ವಾಮಿಗೋಳನ್ನ ಇಲ್ಲಿಗೂ ಕರಕೊಂಡು ಬಂದೆ. ಪ್ರತಿ ಅಮಾಸಿ ಮಾಡ್ತೀವಿ."

"ಪೂಜಿ ಮಾಡುವಾಗ ಮಷೀನ್ ಚಾಲೂ ಇತ್ತೇನು?"

"ಬಂದ್ ಇರತೈತ್ರೀ. ಬಂದ್ ಮಾಡಿ ಒರಸಿ ಮಾಡ್ತೀವಿ."

"ಪೂಜಿ ಆದ ಮ್ಯಾಲ ಅವತ್ತಽ ಬಿಚ್ಚಬೌದೇನು?"

"ಛೇ, ಛೇ! ಹಾಡಾಕ ಚಾಲೂ ಮಾಡಬೌದು. ಬಿಚ್ಚಂಗಿಲ್ಲ. ಇಬತ್ತಿ ಒಡೆದು ಮೊಳಿ ತಗಿಯೂದಂದ್ರ ಹ್ಯಾಂಗ್ರೀ ಮೇಡಂ? ಒಳ್ಳೇದಾಗಂಗಿಲ್ಲ. ಮರುದಿನಽ ಬಿಚ್ಚಬೇಕು…"

ಮಾತು ಅಲ್ಲೇ ನಿಂತಿತು. ಭಕ್ತಿಯಿಂದ ಹೇಳುತ್ತಿದ್ದವನು ತಾನು ಏನು ಹೇಳುತ್ತಿದ್ದೇನೆಂದು ಆಗ ಕೇಳಿಸಿಕೊಂಡ.

"ಮುಗಿಸು," ಅಂದೆ. "ಮರುದಿನ ಈ ಕೋಣಿಗೆ ಸೀಲ್ ಬಿದ್ದಿತ್ತು. ಬಾಗಲಾ ತಗದದ್ದು ಇವತ್ತು, ನಾನು. ಇಬತ್ತಿ ಹ್ಯಾಂಗಿತ್ತೊ ಹಂಗಽ ಐತಿ. ಹಂಗಾರ ಪೆಟ್ಟಿಗಿ ಬಿಚ್ಚಿ ರಿಪೇರಿ ಮಾಡಿದ್ದು ಯಾವಾಗ?"

ಮೊಳೆಯ ಮೇಲಿನ ಪಟ್ಟೆಯತ್ತ ಬೆರಳು ತೋರಿಸಿದೆ.

"ನಾ ಹೇಳ್ತೀನಿ ಕೇಳು. ಅಮಾಸಿ ಹಿಂದಿನ ದಿನ. ಅಂದ್ರ ಅಕಿ ಸತ್ತ ಸಂಜಿಕಿ ಈ ಪೆಟ್ಟಿಗಿ ಹಿಂಗಽ ಸುಮ್ಮನಿತ್ತು. ಗುಂಯ್ ಅನ್ನೋ ಕ್ಲಿಪ್ಪು ಆ ಸಂಜಿದಲ್ಲ."

ಕಿಸೆಯಿಂದ ತಿರುಪುಳಿ ತೆಗೆದೆ. ವಿಭೂತಿಯ ಫೋಟೋಗಳನ್ನು ಮೊದಲೇ ತೆಗೆದುಕೊಂಡು, ಸಾಕ್ಷಿಗೆ ಬಂದಿದ್ದ ಪಂಚರ ಸಹಿ ಹಾಕಿಸಿ ಅವರನ್ನು ಕಳಿಸಿದ್ದೆ. ಮೊಳೆಗಳನ್ನು ಬಿಚ್ಚಿ ಮುಚ್ಚಳ ಎಳೆದೆ. ಸಿದ್ದರಾಮ ಕೈ ಅಡ್ಡ ತರಲು ಹೋಗಿ ಸುಮ್ಮನಾದ.

ಒಳಗೆ ಸೊಹೇಲ್ ಹೇಳಿದ್ದೆಲ್ಲ ಹೇಳಿದ ಹಾಗೇ ಇತ್ತು. ಮಿಲ್ಲಿನಿಂದ ಹಾರಿ ಬಂದು ವರ್ಷಗಟ್ಟಲೆ ಮೆತ್ತಿದ್ದ ತೌಡಿನ ಧೂಳು ಒಂದು ಚೂರೂ ಉಳಿದಿರಲಿಲ್ಲ. ಕಿರುಚುವ ಸಣ್ಣ ಫ್ಯಾನಿನ ಜಾಗದಲ್ಲಿ ಅಗಲವಾದ ಹೊಸ ಫ್ಯಾನು ನಿಧಾನಕ್ಕೆ ತಿರುಗುತ್ತಿತ್ತು. ಹಾರ್ಡ್ ಡಿಸ್ಕು ತಗಡಿಗೆ ತಾಗಿ ನಡುಗಬಾರದೆಂದು ಅದನ್ನು ಸೈಕಲ್ ಟ್ಯೂಬಿನ ಪಟ್ಟಿಗಳಲ್ಲಿ ತೊಟ್ಟಿಲಿನಂತೆ ತೂಗುಬಿಟ್ಟಿದ್ದ. ಪೆಟ್ಟಿಗೆಯ ನಾಲ್ಕು ಕಾಲಿಗೂ ಹವಾಯಿ ಚಪ್ಪಲಿಯ ತುಂಡು. ಒಬ್ಬ ಹಾಡುವವಳ ಬೈಗುಳ ತಿಂದು, ಅವಳ ಹಾಡಿಗಾಗಿ ಇಷ್ಟೆಲ್ಲ ಕೂತು ಮಾಡಿದವನು ಮರುದಿನ ಬಂದು ಅವಳ ತಲೆ ಒಡೆದನಂತೆ. ಇದನ್ನು ನಂಬಿದ ಊರಿಗೆ ಏನೆನ್ನಬೇಕು?

"ಇನ್ನೊಂದು ಕೇಳ್ತೀನಿ," ಅಂದೆ. "ಪೆನ್ ಡ್ರೈವಿಗೆ ಕ್ಲಿಪ್ಪು ಯಾವ ಕಂಪ್ಯೂಟರಿನಿಂದ ಹಾಕಿದಿ?"

"ಇದರಿಂದಽ. ಹೆಣ ನೋಡಿದೆ, ಮಷೀನ್ ಚಾಲೂ ಮಾಡಿದೆ, ಕಾಪಿ ಮಾಡ್ಕೊಂಡು ಪೊಲೀಸರಿಗೆ ಪೋನ್ ಮಾಡಿದೆ. ಹೇಳಿಕಿಯೊಳಗ ಹೇಳೀನಲ್ರೀ."

"ಹೇಳೀದಿ. ಸಹಿನೂ ಮಾಡೀದಿ." ಅವನ ಕುರ್ಚಿಯ ಎದುರೇ ನಿಂತೆ. "ಈಗ ಗುಂಡಿ ಮ್ಯಾಲ ಮ್ಯಾಲ ಯಾಕ ಒತ್ತಿದಿ? ಸದ್ದು ಬರಲಿಲ್ಲಂತ ಚಾಲೂನಽ ಆಗಿಲ್ಲ ಅನಕೊಂಡಿ. ಅವತ್ತು ಚಾಲೂ ಮಾಡಿದ್ರ ಅವತ್ತಽ ಗೊತ್ತಾಗತಿತ್ತಲ್ಲ ನಿನಗ, ಪೆಟ್ಟಿಗಿ ಸುಮ್ಮನಾಗೇತಿ ಅಂತ? ನೀ ಅವತ್ತು ಇದನ್ನ ಮುಟ್ಟೇ ಇಲ್ಲ. ಸುಳ್ಳ ಹೇಳೀದಿ. ಒಬ್ಬ ಹುಡುಗನ್ನ ನೇಣಿಗೆ ಹಾಕಾಕ ಸುಳ್ಳ ಹೇಳೀದಿ!"

ಸಿದ್ದರಾಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅಳುವವರನ್ನು ಕಂಡರೆ ನನಗೆ ಕನಿಕರ ಬರುತ್ತದೆ. ಅವನನ್ನು ಕಂಡು ಬರಲಿಲ್ಲ. ದಾವಲ್‌ಬೀ ಅಳುವಾಗ ಈ ಮನುಷ್ಯ ಎಲ್ಲಿದ್ದ?

"ನನಗ ತಂದು ಕೊಟ್ರು ರೀ," ಅಂದ ಬೆರಳುಗಳ ಹಿಂದಿನಿಂದ.

"ಏನು?"

"ಆ ಪೆನ್ ಡ್ರೈವ್. ಅವತ್ತು ನಾ ಹೆಣ ನೋಡಿ ಹೆದರಿ ಮನಿಗೆ ಓಡಿದೆ. ಅಲ್ಲಿಗಽ ಬಂದ್ರು. ಇದು ನಿನ್ನ ಕಂಪ್ಯೂಟರಿನಾಗ ಇತ್ತು ಅಂತ ಹೇಳು, ಇಲ್ಲಂದ್ರ ಕೋಣಿ ನಿಂದು, ಕೊಲಿನೂ ನಿನ್ನ ಕೊರಳಿಗೆ ಬರತೈತಿ ಅಂದ್ರು. ನನಗ ಮಗಳದಾಳ್ರೀ ಮೇಡಂ."

"ಯಾರು ತಂದು ಕೊಟ್ಟವ್ರು?"

ಅವನು ಬಾಗಿಲ ಕಡೆ ನೋಡಿದ.

"ಹೆಸರು!"

"ಹೇಳಂಗಿಲ್ರೀ. ಹೊಡೀರಿ, ಬಡೀರಿ. ಹೇಳಿದ್ರ ನನ್ನ ಉಳಸಂಗಿಲ್ಲ."

ಬಾಗಿಲ ಆಚೆ, ಪಡಸಾಲೆಯ ಬೆಂಚಿನ ಮೇಲೆ, ಯಮನೂರಪ್ಪ ಕೂತಿದ್ದ. ಗ್ಯಾನಮ್ಮನ ಒಬ್ಬನೇ ಮಗ. ಫಿರ್ಯಾದಿ ಕೊಟ್ಟವನೂ ಅವನೇ. ದಿನಾ ಠಾಣೆಯ ಮೆಟ್ಟಿಲ ಮೇಲೆ ಕೂತು, ನ್ಯಾಯ ಬೇಕು ನನಗ ಅಂತ ಅಳುತ್ತಿದ್ದ. ನಮ್ಮ ಅವ್ವ ಹಾಡೂ ಜಾಗಕ್ಕ ನಾ ಒಮ್ಮೆನೂ ಹೋದಾಂವಲ್ಲ, ಅಕಿ ಸತ್ತ ಜಾಗನಾದ್ರೂ ನೋಡ್ತೀನಿ ಅಂತ ಇವತ್ತು ಜೀಪು ಹತ್ತಿ ಬಂದಿದ್ದ. ಕೈಯಲ್ಲಿ ಒಂದು ಹಿಡಿ ಸೇವಂತಿಗೆ ಹೂ ಇತ್ತು. ಅವನು ಕೇಳಿದರೆ ಸಂಕಟಪಡುತ್ತಾನೆಂದು ನಾನು ಕೌದಿ ಹೊಡೆದ ಬಾಗಿಲನ್ನು ಎಳೆದುಕೊಂಡು ಒಳಗೆ ಬಂದಿದ್ದೆ.

"ಹೆಸರು ಹೇಳಬ್ಯಾಡ," ಅಂದೆ ಸಿದ್ದರಾಮನಿಗೆ. "ಒಂದು ಕೆಲಸ ಮಾಡು. ಈ ಕ್ಲಿಪ್ಪಿನಾಗಿನ ಗುಂಯ್ ತಗಿ."

"ಏನ್ರೀ?"

"ಸೊಹೇಲ್ ಹೇಳ್ಯಾನ, ತಗೀಲಿಕ್ಕೆ ಬರತೈತಂತ. ಬರೇ ಗುಂಯ್ ಅನ್ನೋ ಒಂದು ತುಣುಕು ಹಿಡದು, ಇದಽ ಸದ್ದು ಎಲ್ಲೆಲ್ಲಿ ಐತೋ ಅಲ್ಲೆಲ್ಲ ಕಳಿ ಅಂತ ಕಂಪ್ಯೂಟರಿಗೆ ಹೇಳೂದು. ಹಾಡಿಗೆ ಹಂಗ ಮಾಡಿದ್ರ ಹಾಡಿನ ಜೀವಾನೂ ಹೋಗತೈತಂತ ಆಂವ ಪೆಟ್ಟಿಗೀನಽ ರಿಪೇರಿ ಮಾಡಿದ್ದು. ಇದು ಹಾಡಲ್ಲ. ಜೀವ ಹೋದ್ರ ಹೋಗಲಿ. ತಗಿ."

ಕ್ಲಿಪ್ಪನ್ನು ಅವನ ಕಂಪ್ಯೂಟರಿಗೆ ಹಾಕಿದೆ. ಅವನು ಮೌಸು ಹಿಡಿದ. ಪರದೆಯ ಮೇಲೆ ದನಿಯ ಗೆರೆಗಳು ಮುಳ್ಳುಕಂಟಿಯ ಹಾಗೆ ಎದ್ದವು. ಶುರುವಿನಲ್ಲಿ, ಗ್ಯಾನಮ್ಮ ಬಾಯಿ ತೆಗೆಯುವುದಕ್ಕೆ ಮುಂಚಿನ ಒಂದು ಚೂರನ್ನು ಗುರುತು ಹಾಕಿದ. ಏನೋ ಒತ್ತಿದ. ನೀಲಿ ಪಟ್ಟಿ ಎಡದಿಂದ ಬಲಕ್ಕೆ ತುಂಬತೊಡಗಿತು.

ಅದು ತುಂಬುವವರೆಗೆ ಕೋಣೆಯಲ್ಲಿ ಸದ್ದೇ ಇರಲಿಲ್ಲ. ಮಿಲ್ಲು ಇಲ್ಲ, ಪೆಟ್ಟಿಗೆ ಇಲ್ಲ. ಸಿದ್ದರಾಮನ ಉಸಿರು ಮಾತ್ರ ಕೇಳುತ್ತಿತ್ತು. ಹೊರಗೆ ಬುಟ್ಟಿಯಲ್ಲಿದ್ದ ನನ್ನ ಫೋನು ಏನಾದರೂ ಹೊಡೆದುಕೊಂಡಿದ್ದರೂ ಆ ಬಾಗಿಲು ದಾಟಿ ಕೇಳುತ್ತಿರಲಿಲ್ಲ. ಇಲ್ಲಿ ಒಳಗೆ ಬರುವವರು ಮೊಬೈಲನ್ನು ಪಡಸಾಲೆಯ ಬಿದಿರಿನ ಬುಟ್ಟಿಯಲ್ಲಿ ಹಾಕಿ ಬರಬೇಕು, ಮೈಕಿಗೆ ಅದರ ಗುರುಗುರು ಹತ್ತುತ್ತದಂತೆ. ಬಂದಾಗ ಸಿದ್ದರಾಮ ಹೇಳಿದ, ರೂಢಿಯ ಮಾತು ಎಂದು ನಾನೂ ಹಾಕಿದೆ. ಬುಟ್ಟಿಯಲ್ಲಿ ಆಗಲೇ ಯಮನೂರಪ್ಪನ ಮೊಬೈಲ್ ಬಿದ್ದಿತ್ತು.

"ಆತ್ರೀ," ಅಂದ ಸಿದ್ದರಾಮ.

"ಹಾಕು. ಮತ್ತ ಮತ್ತ ಬರೂ ಹಂಗ ಹಾಕು."

ಗ್ಯಾನಮ್ಮನ ದನಿ ಈಗ ತಗಡಿನ ಡಬ್ಬಿಯಲ್ಲಿ ಕೂತು ಮಾತಾಡಿದಂತೆ ಇತ್ತು. ಸೊಹೇಲ್ ಹೇಳಿದ್ದು ಖರೆ, ಜೀವ ಹೋಗಿತ್ತು. "ಬಿಡಲೇ! ನನ್ನ ಬಿಡಲೇ ಭಾಡ್ಯಾ! ಸಾಯಿಸ್ತಿಯೇನು ನನ್ನ?" ಧಡ್.

ಅಲ್ಲಿಗೆ ಮುಗಿಯಬೇಕಿತ್ತು. ಈ ಮೊದಲು ಅಲ್ಲಿಂದ ಮುಂದೆ ಬರೀ ಗುಂಯ್ ಇತ್ತು. ಈಗ ಆ ಗುಂಯ್ ಕೆಳಗಿನಿಂದ ಬೇರೆ ಏನೋ ಎದ್ದು ಬಂತು. ಗ್ಯಾನಮ್ಮ ನಕ್ಕಳು. ಕೊಲೆಯಾದವಳು, ಧಡ್ ಅಂದಮೇಲೆ, ದಣಿದ ದನಿಯಲ್ಲಿ ನಕ್ಕಳು.

"ಸಾಕೇನಪಾ ನಿನ್ನ ನಾಟಕ?" ಅಂದಳು.

ಅವಳಿಗೆ ಉತ್ತರವಾಗಿ ಮೈಕಿನಿಂದ ದೂರದಲ್ಲಿ ಒಬ್ಬ ಗಂಡಸು ಮಾತಾಡಿದ. ಸಣ್ಣಗೆ, ಆದರೆ ಸ್ಪಷ್ಟವಾಗಿ.

"ಯವ್ವಾ, ಇನ್ನೊಮ್ಮೆ ಅನ್ನು. ಇನ್ನಾ ಸಿಟ್ಟಿಲೆ."

ಯವ್ವಾ ಅಂತ ಊರ ತುಂಬ ಯಾರನ್ನು ಬೇಕಾದರೂ ಕರೆಯುತ್ತಾರೆ, ನಿಜ. ಆದರೆ ಆ ದನಿಯನ್ನು ನಾನು ದಿನಾ ಕೇಳಿದ್ದೆ. ಠಾಣೆಯ ಮೆಟ್ಟಿಲ ಮೇಲೆ, ಅಳುತ್ತ, ನ್ಯಾಯ ಕೇಳುತ್ತಿದ್ದ ದನಿ ಅದು. ಒಮ್ಮೆಯೂ ಈ ಕೋಣೆಗೆ ಬಂದಿಲ್ಲ ಅಂದವನ ದನಿ. ಬಂದವನೇ ಯಾರೂ ಹೇಳದೆ, ಯಾರನ್ನೂ ಕೇಳದೆ, ತನ್ನ ಮೊಬೈಲನ್ನು ಬುಟ್ಟಿಗೆ ಹಾಕಿ ಬೆಂಚಿನ ಮೇಲೆ ಕೂತವನ ದನಿ! ಹೆತ್ತವಳಿಂದಲೇ ಅವಳ ಸಾವಿನ ಕೂಗನ್ನು ನಾಟಕವೆಂದು ಹೇಳಿಸಿ ಇಟ್ಟುಕೊಂಡಿದ್ದ.

ಸಿದ್ದರಾಮ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಬೆನ್ನ ಹಿಂದೆ ನೋಡುತ್ತಿದ್ದ.

ತಿರುಗಿದೆ. ಬಾಗಿಲು ತೆರೆದಿತ್ತು. ಯಮನೂರಪ್ಪ ಹೊಸ್ತಿಲ ಮೇಲೆ ನಿಂತಿದ್ದ. ಒಂದು ಕೈಯಲ್ಲಿ ಸೇವಂತಿಗೆ, ಇನ್ನೊಂದು ಕೈಯಲ್ಲಿ ನನ್ನ ಫೋನು.

"ಮೇಡಂ, ಲಿಂಗಸುಗೂರಿಂದ ಚಾಂದ್‌ಪಾಷಾ ಸಾಹೇಬ್ರು ಪೋನ್ ಮಾಡಿದ್ರು," ಅಂದ. ಎಂದಿನ ಅಳುದನಿಯೇ. "ಸೊಹೇಲನ ಹೆಸರು ಕೂಗ್ಯಾರಂತ. ನೀವು ಒಳಗ ಗದ್ದಲದಾಗಿದ್ರಿ. ಅದಕ್ಕ ನಾನಽ ಎತ್ತಿ ಹೇಳೀನ್ರೀ, ಇಲ್ಲೇನೂ ಸಿಕ್ಕಿಲ್ಲ, ಒಪ್ಕೋತಾನಂದ್ರ ಒಪ್ಕೊಳ್ಲಿ, ಕಳಸ್ರಿ ಅಂತ ಮೇಡಂ ಹೇಳ್ಯಾರ ಅಂದೆ. ಈಗಽ ಜಡ್ಜ್ ಸಾಹೇಬ್ರ ಕೋಣಿಯೊಳಗ ಕಳಸಿದ್ರಂತ."

"ಪೋನ್ ಕೊಡು ಇಲ್ಲಿ," ಅಂದೆ.

ಅವನು ಕೊಡುವುದಕ್ಕೆ ಕೈ ಚಾಚಿದ. ಅದೇ ಹೊತ್ತಿಗೆ ಕ್ಲಿಪ್ಪು ತಿರುಗಿ ಬಂತು. ಗ್ಯಾನಮ್ಮ ಕಿರುಚಿದಳು, ಧಡ್ ಅಂತು, ನಕ್ಕಳು.

"ಯವ್ವಾ, ಇನ್ನೊಮ್ಮೆ ಅನ್ನು," ಅಂದ ಯಮನೂರಪ್ಪ, ಸ್ಪೀಕರಿನೊಳಗಿಂದ. "ಇನ್ನಾ ಸಿಟ್ಟಿಲೆ."

ಹೊಸ್ತಿಲ ಮೇಲಿದ್ದ ಯಮನೂರಪ್ಪ ಅದನ್ನು ಪೂರ್ತಿ ಕೇಳಿದ. ಮುಖದಲ್ಲಿ ಏನೂ ಬದಲಾಗಲಿಲ್ಲ. ಹೂಗಳನ್ನು ಕೆಳಗೆ ಬಿಟ್ಟ. ಒಳಗೆ ಬಂದು ಬಾಗಿಲು ಎಳೆದು ಚಿಲಕ ಹಾಕಿದ. ನನ್ನ ಫೋನನ್ನು ತನ್ನ ಜೇಬಿಗೆ ಇಳಿಸಿಕೊಂಡ.

ನಾನು ಕೇಳಿದ್ದ ಒಂದು ತಾಸು ಮುಗಿದು, ಗೋಡೆಯಾಚೆ ಮಿಲ್ಲು ಚಾಲೂ ಆಯಿತು.